ಮಹಜರಿಗೆ ಒಂದು ಸಹಿ

ನಮ್ಮ ಅಕ್ಕನ ಮಗಳು ಅಮೆರಿಕದಲ್ಲಿದ್ದಾಳೆ. ಹೋಗಿ ಹದಿನಾರು ವರ್ಷವಾಯಿತು, ಅಲ್ಲಿಯ ಪೌರತ್ವ ಸಿಕ್ಕಿ ಎರಡು ವರ್ಷ. ಭಾನುವಾರ ಬೆಳಿಗ್ಗೆ, ಅಂದರೆ ಅವಳಿಗೆ ಶನಿವಾರ ರಾತ್ರಿ, ನನಗೆ ಫೋನು ಮಾಡುವುದು ವಾಡಿಕೆ. ಸಾಮಾನ್ಯವಾಗಿ ಸಾರಿನ ಪುಡಿಯ ಲೆಕ್ಕ, ಮಗಳ ಪರೀಕ್ಷೆ, ಅವರ ಊರಿನ ಚಳಿ, ಇಷ್ಟೇ ಮಾತು. ಕಳೆದ ವರ್ಷ ಒಂದು ಭಾನುವಾರ ಮಾತ್ರ, “ಚಿಕ್ಕಮ್ಮಾ, ನನಗೆ ಕೋರ್ಟಿನಿಂದ ಕಾಗದ ಬಂದಿದೆ” ಎಂದಳು. ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ನಮ್ಮ ಮನೆತನದಲ್ಲಿ ಕೋರ್ಟಿನ ಕಾಗದ ಅಂದರೆ ಎರಡೇ ಅರ್ಥ: ಹೊಲದ ಬದುವಿನ ಜಗಳ, ಇಲ್ಲವೆ ಯಾರೋ ಮಾಡಿದ ಸಾಲಕ್ಕೆ ಹಾಕಿದ ಜಾಮೀನು. ಅವಳು ಏನು ಮಾಡಿಕೊಂಡಳೋ ಎಂದು ನನ್ನ ಎದೆ ಹೊಡೆದುಕೊಂಡಿತು.

ಅವಳು ಏನೂ ಮಾಡಿರಲಿಲ್ಲ. ಯಾರೋ ಏನೋ ಮಾಡಿದ್ದರು, ಅವರು ಮಾಡಿದ್ದು ಹೌದೋ ಅಲ್ಲವೋ ಎಂದು ಹೇಳಲು ಊರಿನ ಹನ್ನೆರಡು ಮಂದಿ ಕೂರಬೇಕು, ಆ ಹನ್ನೆರಡರಲ್ಲಿ ನೀನೂ ಒಬ್ಬಳಾಗಬಹುದು, ಇಂಥ ದಿನ ಬಾ ಎಂದು ಕರೆ. ಇದಕ್ಕೆ ಜ್ಯೂರಿ ಎನ್ನುತ್ತಾರೆ. “ಹೆಂಗಾದ್ರೂ ತಪ್ಪಿಸ್ಕೋಬೇಕು ಚಿಕ್ಕಮ್ಮ, ಏನು ಕಾರಣ ಬರೀಲಿ? ಇಲ್ಲಿ ಎಲ್ರೂ ಏನಾದ್ರೂ ಒಂದು ಬರೀತಾರಂತೆ” ಎಂದಳು. ಕಾರಣ ಕೇಳಲು ಸರಿಯಾದವರನ್ನೇ ಹುಡುಕಿದ್ದಳು ಎನ್ನಿ. ಮೂವತ್ತು ವರ್ಷ ಮೇಷ್ಟರ ಕೆಲಸ ಮಾಡಿದವರಿಗೆ ಡ್ಯೂಟಿ ತಪ್ಪಿಸಿಕೊಳ್ಳುವ ಕಾರಣಗಳಿಗೆ ಬರವೆ? ಚುನಾವಣೆಯ ಆದೇಶ ಶಾಲೆಗೆ ಬಂದ ದಿನ ನಮ್ಮ ಸ್ಟಾಫ್ ರೂಮನ್ನು ನೀವು ನೋಡಬೇಕು. ನಿನ್ನೆಯವರೆಗೆ ಗುಂಡುಕಲ್ಲಿನ ಹಾಗಿದ್ದವರಿಗೆ ಬಿ.ಪಿ. ಏರಿರುತ್ತದೆ, ಸೊಂಟ ಹಿಡಿದಿರುತ್ತದೆ, ಯಾವುದೋ ಹರಕೆ ನೆನಪಾಗುತ್ತದೆ. ನಾನೂ ಒಂದು ಸಲ ಮಗಳಿಗೆ ಅಮ್ಮ ಆಗಿದೆ ಎಂದು ಬರೆದುಕೊಟ್ಟಿದ್ದೆ. ಅಮ್ಮ ಬಂದು ಹೋಗಿ ಹದಿನೈದು ದಿನವಾಗಿತ್ತು.

ಆದರೆ ಆ ಬೆಳಿಗ್ಗೆ ಅವಳಿಗೆ ಒಂದೂ ಕಾರಣ ಹೇಳಿಕೊಡಲಾಗಲಿಲ್ಲ. ಬುಧವಾರ ಹೇಳುತ್ತೇನೆ ಎಂದು ಫೋನಿಟ್ಟೆ. ಯಾಕೆ ಹೇಳಲಾಗಲಿಲ್ಲ ಎಂಬುದನ್ನೇ ಇಲ್ಲಿ ಬರೆಯಲು ಹೊರಟಿದ್ದೇನೆ.

ಜ್ಯೂರಿ ನಮ್ಮ ದೇಶದಲ್ಲೂ ಇತ್ತು. ಈಗಿನ ಹುಡುಗಿಯರಿಗೆ 2016ರಲ್ಲಿ ಬಂದ ‘ರುಸ್ತುಂ’ ಸಿನಿಮಾದಿಂದ ಅಷ್ಟಿಷ್ಟು ಗೊತ್ತು. ಅದರ ಹಿಂದಿನದು 1959ರ ನಿಜ ಸಂಗತಿ. ನಾನಾವತಿ ಎಂಬ ನೌಕಾಪಡೆಯ ಅಧಿಕಾರಿ ತನ್ನ ಹೆಂಡತಿಯ ಪ್ರಿಯಕರನನ್ನು ಮುಂಬಯಿಯಲ್ಲಿ ಗುಂಡಿಟ್ಟು ಕೊಂದ. ಜ್ಯೂರಿಯ ಒಂಬತ್ತು ಮಂದಿಯಲ್ಲಿ ಎಂಟು ಮಂದಿ ಅವನು ಅಪರಾಧಿಯಲ್ಲ ಎಂದರು. ನ್ಯಾಯಾಧೀಶರು ಅದನ್ನು ಒಪ್ಪದೆ ಹೈಕೋರ್ಟಿಗೆ ಕಳಿಸಿದರು, ಅಲ್ಲಿ ಶಿಕ್ಷೆಯಾಯಿತು, 1961ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿ ಹಿಡಿಯಿತು. ಪತ್ರಿಕೆಗಳು ಅವನನ್ನು ವೀರನನ್ನಾಗಿ ಮಾಡಿದ್ದವು. ಜನ ಓದಿದ್ದನ್ನು ಜನರೇ ತೀರ್ಪಾಗಿ ಹೇಳಿದರೆಂದು ಆಗಿನ ಟೀಕೆ. ಆ ಒಂದು ಮೊಕದ್ದಮೆಯಿಂದಲೇ ಜ್ಯೂರಿ ಹೋಯಿತೆಂದು ಹೇಳುವವರಿದ್ದಾರೆ, ಅದು ಅಷ್ಟು ಸರಳವಲ್ಲ. ಪ್ರಾಂತ ಪ್ರಾಂತಗಳಲ್ಲಿ ಅದು ಸ್ವಲ್ಪ ಸ್ವಲ್ಪವಾಗಿ ಕಳಚಿಕೊಳ್ಳುತ್ತಿತ್ತು. 1973ರ ದಂಡ ಪ್ರಕ್ರಿಯಾ ಸಂಹಿತೆ 1974ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಾಗ ಅದರಲ್ಲಿ ಜ್ಯೂರಿಗೆ ಜಾಗವೇ ಇರಲಿಲ್ಲ.

ನಮ್ಮ ಕಡೆ ಇದ್ದದ್ದು ಅದರ ತಮ್ಮ. ಗುಡೇಕೋಟೆ, ಕೂಡ್ಲಿಗಿಗಳೆಲ್ಲ 1953ರ ಅಕ್ಟೋಬರಿನಲ್ಲಿ ಮೈಸೂರು ರಾಜ್ಯಕ್ಕೆ ಸೇರುವ ಮೊದಲು ಮದರಾಸು ಸರ್ಕಾರದ ಬಳ್ಳಾರಿ ಜಿಲ್ಲೆ. ಸೆಷನ್ಸ್ ಕೋರ್ಟಿನಲ್ಲಿ ಜಡ್ಜಿಯ ಜೊತೆ ‘ಅಸೆಸರು’ಗಳೆಂದು ಊರಿನ ಮರ್ಯಾದಸ್ಥರನ್ನು ಕೂರಿಸುತ್ತಿದ್ದರು. ಅವರು ಕೊನೆಯಲ್ಲಿ ತಮ್ಮ ಅಭಿಪ್ರಾಯ ಹೇಳಬೇಕು. ಜಡ್ಜಿ ಅದನ್ನು ಕೇಳಬೇಕು, ಒಪ್ಪಬೇಕೆಂದೇನೂ ಇರಲಿಲ್ಲ. ಕರೆದಾಗ ಹೋಗದಿದ್ದರೆ ನೂರು ರೂಪಾಯಿಯವರೆಗೆ ದಂಡ. ಆ ಕಾಲದ ನೂರು ರೂಪಾಯಿ! ನಮ್ಮ ತಾತ ಒಂದು ಸಲ ಹೀಗೆ ಬಳ್ಳಾರಿಗೆ ಹೋಗಿ ನಾಲ್ಕು ದಿನ ಛತ್ರದಲ್ಲಿ ಇದ್ದು ಬಂದಿದ್ದರಂತೆ. ಏನು ಮೊಕದ್ದಮೆ, ಏನು ಹೇಳಿದಿರಿ ಎಂದರೆ, “ದೊರೆಗೆ ಮೊದಲೇ ಗೊತ್ತಿತ್ತು, ನಾವು ಹೂಂ ಅಂದ್ವಿ” ಎನ್ನುತ್ತಿದ್ದರು. ಅದಕ್ಕಿಂತ ಹೆಚ್ಚಾಗಿ ಅವರು ಹೇಳುತ್ತಿದ್ದುದು ಛತ್ರದ ತಿಗಣೆಯ ವಿಷಯ. 1956ರಿಂದೀಚೆಗೆ ಅಸೆಸರುಗಳೂ ಇಲ್ಲ.

ಅಜ್ಜಿಯನ್ನು ಯಾರೂ ಕರೆಯಲಿಲ್ಲ. ಕರೆಯುವ ಹಾಗೂ ಇರಲಿಲ್ಲ. 1898ರ ಕಾನೂನು ಬರೆದಾಗ ಈ ಕೆಲಸಕ್ಕೆ ಇಪ್ಪತ್ತೊಂದರಿಂದ ಅರವತ್ತು ವರ್ಷದ ‘ಎಲ್ಲ ಗಂಡಸರು’ ಎಂದೇ ಬರೆದದ್ದು. ನಮ್ಮದು ಹಿಂದುಳಿದ ದೇಶ ಎಂದು ಮೂಗು ಮುರಿಯಬೇಡಿ. ಅಮೆರಿಕದ ಲೂಯಿಸಿಯಾನಾ ರಾಜ್ಯದಲ್ಲಿ, ನನಗೂ ಸೇರಿಸಿ ಎಂದು ಹೆಂಗಸು ತಾನಾಗಿ ಬರೆದುಕೊಡದಿದ್ದರೆ ಅವಳನ್ನು ಜ್ಯೂರಿಗೆ ಕರೆಯುತ್ತಲೇ ಇರಲಿಲ್ಲ. ಅದು ತಪ್ಪೆಂದು ಅಲ್ಲಿಯ ಸುಪ್ರೀಂ ಕೋರ್ಟು ಹೇಳಿದ್ದು 1975ರಲ್ಲಿ. ಊರಿನ ಕಟ್ಟೆಯ ಮೇಲೆ ದೈವದವರು ಸೇರಿದಾಗಲೂ ಹೀಗೇ. ಹೆಣ್ಣಿನ ವಿಷಯಕ್ಕೇ ಪಂಚಾಯತಿ ಸೇರಿದ್ದರೂ ಹೆಣ್ಣುಮಕ್ಕಳು ದೂರದಲ್ಲಿ, ಬೇವಿನ ಮರದ ಆ ಕಡೆ, ಸೆರಗು ಹೊದ್ದು ನಿಲ್ಲುತ್ತಿದ್ದುದನ್ನು ನಾನು ಚಿಕ್ಕವಳಿದ್ದಾಗ ನೋಡಿದ್ದೇನೆ.

ಹಾಗೆಂದು ನಾವು ತೀರ್ಪು ಕೊಡುವುದನ್ನು ಬಿಟ್ಟಿದ್ದೆವೆ? ನೀರಿನ ನಲ್ಲಿ, ಹಪ್ಪಳ ಹಾಕುವ ಮಾಳಿಗೆ, ಸಂಜೆಯ ಜಗಲಿ, ಇವೆಲ್ಲ ನಮ್ಮ ಸೆಷನ್ಸ್ ಕೋರ್ಟುಗಳೇ. ಯಾರ ಸೊಸೆ ಸರಿಯಿಲ್ಲ, ಯಾರ ಗಂಡ ಎಲ್ಲಿಗೆ ಹೋಗುತ್ತಾನೆ, ಎಲ್ಲಕ್ಕೂ ಅಂದಂದೇ ಇತ್ಯರ್ಥ, ವಾಯಿದೆ ಎಂಬುದಿಲ್ಲ. ಇಷ್ಟು ಧೈರ್ಯವಾಗಿ ತೀರ್ಪು ಕೊಡುವ ನಾವು, ಒಂದು ಹಾಳೆ ಮುಂದಿಟ್ಟು ‘ಇದರ ಕೆಳಗೆ ಹೆಸರು ಬರೆಯಿರಿ’ ಎಂದರೆ ಒಳಗೆ ಹಾಲು ಉಕ್ಕುತ್ತಿದೆ ಎಂದು ಎದ್ದು ಹೋಗುತ್ತೇವೆ. ನಾನೂ ಹಾಗೆಯೇ. ಒಂದೇ ಒಂದು ಸಲ ಎದ್ದು ಹೋಗಲಾಗಲಿಲ್ಲ.

ಅದು 1997. ನಾನಾಗ ಬೇರೊಂದು ಊರಿನ ಶಾಲೆಯಲ್ಲಿದ್ದೆ. ಆ ಊರಿನ ಹೆಸರು ಬೇಡ. ನಮ್ಮ ಬಾಡಿಗೆ ಮನೆಯಿಂದ ಎರಡು ಮನೆ ಆಚೆ ಒಬ್ಬಳು ಹುಡುಗಿ, ಮದುವೆಯಾಗಿ ಮೂರು ವರ್ಷ. ನನ್ನ ಬಳಿ ವಾರಪತ್ರಿಕೆಗಳನ್ನು ಓದಲು ಒಯ್ಯುತ್ತಿದ್ದಳು, ಧಾರಾವಾಹಿಯ ಪುಟ ಮಡಿಚದೆ ಹಿಂದಕ್ಕೆ ತರುತ್ತಿದ್ದಳು. ಒಂದು ದಿನ ಬೆಳಗಿನ ಜಾವ ಸುಟ್ಟುಕೊಂಡಳು. ಕಾಫಿಗೆ ಸ್ಟೌ ಹಚ್ಚುವಾಗ ಸೀರೆಗೆ ಹತ್ತಿತು ಎಂದರು ಮನೆಯವರು. ಸಂಜೆಗೆ ಆಸ್ಪತ್ರೆಯಲ್ಲಿ ತೀರಿಕೊಂಡಳು.

ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣು ಹೀಗೆ ಸತ್ತರೆ ಶವದ ತನಿಖೆಯನ್ನು ತಹಶೀಲ್ದಾರರೇ ಮಾಡಬೇಕು. 1983ರಲ್ಲಿ ಕಾನೂನು ತಿದ್ದಿದ ಮೇಲೆ ಬಂದ ನಿಯಮ ಅದು. ಅದು ಆಸ್ಪತ್ರೆಯಲ್ಲಾಯಿತು, ಅದಕ್ಕೆ ಬೇರೆ ಪಂಚರು. ನನ್ನನ್ನು ಕರೆದದ್ದು ಮನೆಯ ಸ್ಥಳ ಮಹಜರಿಗೆ. ಓಣಿಯ ಗಂಡಸರೆಲ್ಲ ಆ ಹೊತ್ತಿಗೆ ಹೊಲಕ್ಕೋ ಸಂತೆಗೋ ಹೋಗಿಬಿಟ್ಟಿದ್ದರು. ಪೊಲೀಸರಿಗೆ ಸರ್ಕಾರಿ ನೌಕರರೆಂದರೆ ಇಷ್ಟ. ಸಂಬಳದವರು ನಾಳೆ ಕೋರ್ಟಿನಲ್ಲಿ ಉಲ್ಟಾ ಹೊಡೆಯುವುದಿಲ್ಲ ಎಂಬ ನಂಬಿಕೆ. ಪಕ್ಕದ ಮನೆಯ ಅಜ್ಜಿ ನನ್ನ ಸೆರಗು ಜಗ್ಗಿ, “ಸುಮ್ಕಿರವ್ವ ಟೀಚರಮ್ಮ, ನೀನು ಇವತ್ತು ಇದ್ದು ನಾಳೆ ಟ್ರಾನ್ಸ್‌ಫರ್ ಆಗಾಕಿ, ನಿನಗ್ಯಾಕೆ” ಎಂದಳು. ಆದರೂ ಹೋದೆ. ಧೈರ್ಯದಿಂದಲ್ಲ. ಬರುವುದಿಲ್ಲ ಎನ್ನಲು ಇನ್ನೂ ಹೆಚ್ಚಿನ ಧೈರ್ಯ ಬೇಕಾಗಿತ್ತು.

ಅಡಿಗೆಮನೆಯಲ್ಲಿ ಸುಟ್ಟ ವಾಸನೆ ಇನ್ನೂ ಇತ್ತು. ಅದರ ವರ್ಣನೆ ಬೇಡ. ನನ್ನ ಕಣ್ಣಿಗೆ ಬಿದ್ದದ್ದು ಸ್ಟೌ. ಗಾಳಿ ಹೊಡೆಯುವ ಪಂಪ್ ಸ್ಟೌ, ಆಗ ಎಲ್ಲರ ಮನೆಯಲ್ಲೂ ಇದ್ದಂಥದು. ಅದು ಕಟ್ಟೆಯ ಮೂಲೆಗೆ ಸರಿಸಿಟ್ಟಿತ್ತು, ಒರೆಸಿತ್ತು, ಪಿನ್ನು ಪಕ್ಕದಲ್ಲಿತ್ತು, ಮೇಲೆ ಒಂದು ಬಟ್ಟೆ ಮುಚ್ಚಿತ್ತು. ರಾತ್ರಿ ಅಡಿಗೆ ಮುಗಿದು ಪಾತ್ರೆ ತೊಳೆದು ಮಲಗುವ ಮುಂಚೆ ನಾವೆಲ್ಲ ಮುಚ್ಚಿಡುವ ಹಾಗೆ. ಹಾಲಿನ ಪಾತ್ರೆ ಗೂಡಿನಲ್ಲೇ ಇತ್ತು, ಕೆನೆ ಕಟ್ಟಿಕೊಂಡು. ನೆಲ ಕಪ್ಪಾಗಿದ್ದದ್ದು ಸ್ಟೌ ಹತ್ತಿರವಲ್ಲ, ಹಿತ್ತಲ ಬಾಗಿಲ ಬಳಿ.

ಬರೆದುಕೊಳ್ಳುತ್ತಿದ್ದವರು ಉತ್ತರ ದಕ್ಷಿಣ ಅಳತೆ ಬರೆದರು, ಬಾಗಿಲು ಎಷ್ಟು, ಕಿಟಕಿ ಎಷ್ಟು ಬರೆದರು. ಕಪ್ಪಾದ ಜಾಗ ಬರೆದರು. ‘ಸೀಮೆಎಣ್ಣೆ ಸ್ಟೌ ಒಂದು ಇರುತ್ತದೆ’ ಎಂದೂ ಬರೆದರು. ಬಟ್ಟೆ ಮುಚ್ಚಿದ್ದನ್ನು ಬರೆಯಲಿಲ್ಲ. ಅವರು ಗಂಡಸರು, ಅವರಿಗೆ ಅದು ಒಂದು ಸಂಗತಿಯೇ ಅಲ್ಲ. ನಾನು “ಸ್ಟೌ...” ಎಂದೆ. “ಏನಮ್ಮಾ?” ಎಂದು ತಲೆಯೆತ್ತಿದರು. ಬಾಗಿಲ ಸಂದಿಯಲ್ಲಿ ಆ ಹುಡುಗಿಯ ಅತ್ತೆ ನಿಂತಿದ್ದರು. ಅವರ ಮುಖದಲ್ಲಿ ಬೆದರಿಕೆಯೇನೂ ಇರಲಿಲ್ಲ. ಅತ್ತು ಊದಿದ ಕಣ್ಣು, ಅಷ್ಟೆ. ನಾವಿದ್ದ ಮನೆಯ ಮಾಲೀಕರು ಅವರ ಸೋದರಮಾವ. ನನ್ನ ಮಗಳಿಗೆ ಆಗ ಎರಡು ವರ್ಷ. “ಏನಿಲ್ಲ ಸಾರ್” ಎಂದೆ. ಸಹಿ ಹಾಕಿದೆ. ನನ್ನ ಹಸ್ತಾಕ್ಷರ ಚೆನ್ನಾಗಿದೆ ಎಂದು ಅವರು ಹೊಗಳಿದರು ಕೂಡ.

ಬಿ.ಎ.ಯಲ್ಲಿ ನಮಗೆ ಇಂಗ್ಲಿಷಿನ ಒಂದು ಪುಟ್ಟ ನಾಟಕವಿತ್ತು. ಸೂಸನ್ ಗ್ಲಾಸ್ಪೆಲ್ ಎಂಬಾಕೆ 1916ರಲ್ಲಿ ಬರೆದದ್ದು. ಆಕೆ ಮೊದಲು ಪತ್ರಿಕಾ ವರದಿಗಾರ್ತಿ. ಅಯೋವಾ ರಾಜ್ಯದಲ್ಲಿ ತಾನು ವರದಿ ಮಾಡಿದ ಒಂದು ಕೊಲೆ ಮೊಕದ್ದಮೆಯಿಂದ ಅದನ್ನು ಕಟ್ಟಿದಳು. ಗಂಡನನ್ನು ಕೊಂದಳೆಂದು ಒಬ್ಬ ರೈತನ ಹೆಂಡತಿಯನ್ನು ಹಿಡಿದಿದ್ದಾರೆ. ಗಂಡಸರು ಮಹಡಿಯ ಮೇಲೆ, ಕೊಟ್ಟಿಗೆಯಲ್ಲಿ ಸಾಕ್ಷ್ಯ ಹುಡುಕುತ್ತಿದ್ದರೆ, ಜೊತೆಗೆ ಬಂದ ಇಬ್ಬರು ಹೆಂಗಸರಿಗೆ ಅಡಿಗೆಮನೆಯಲ್ಲೇ ಎಲ್ಲ ಕಾಣಿಸಿಬಿಡುತ್ತದೆ: ಕೌದಿಯ ಹೊಲಿಗೆ ಒಂದು ಕಡೆ ದಾರಿ ತಪ್ಪಿರುವುದು, ಕತ್ತು ಮುರಿದ ಹಕ್ಕಿ. ಅವರು ಅದನ್ನು ಬಚ್ಚಿಡುತ್ತಾರೆ, ಆ ಹೆಂಗಸನ್ನು ಉಳಿಸಲು. ಪರೀಕ್ಷೆಗೆ ಉರು ಹೊಡೆದು ಅಂಕ ತೆಗೆದಿದ್ದೆ. ಆ ನಾಟಕದ ಹೆಂಗಸರು ಸುಮ್ಮನಿದ್ದದ್ದು ಇನ್ನೊಬ್ಬ ಹೆಂಗಸಿಗಾಗಿ. ನಾನು ಸುಮ್ಮನಿದ್ದದ್ದು ಬಾಡಿಗೆ ಮನೆಗಾಗಿ.

ನ್ಯಾಯವಾಗಿ ಹೇಳಬೇಕೆಂದರೆ ಆ ಬಟ್ಟೆಗೆ ಏನು ಅರ್ಥ ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ಗಾಬರಿಯಲ್ಲಿ ಯಾರೋ ಸ್ಟೌ ಎತ್ತಿಟ್ಟು ಮುಚ್ಚಿರಬಹುದು. ಆ ಹುಡುಗಿ ತಾನೇ ಸೀಮೆಎಣ್ಣೆ ಸುರಿದುಕೊಂಡಿರಬಹುದು. ಸ್ಟೌ ಮತ್ತೆ ಮತ್ತೆ ಸಿಡಿಯುತ್ತಿದ್ದ ಕಾಲ ಅದು. ನಿಜವಾಗಿ ಸಿಡಿದದ್ದೂ ಉಂಟು. ನಾನು ಬಾಯಿಬಿಟ್ಟಿದ್ದರೆ ಏನೂ ಮಾಡದ ಒಬ್ಬ ಗಂಡ, ಒಬ್ಬ ಅತ್ತೆ ಜೈಲು ಸೇರಬಹುದಿತ್ತು. ಈ ಮಾತನ್ನು ನಾನು ನೂರು ಸಲ ಹೇಳಿಕೊಂಡಿದ್ದೇನೆ. ಹೇಳಿಕೊಂಡಾಗಲೆಲ್ಲ ಇನ್ನೊಂದು ಮಾತು ಬಂದು ನಿಲ್ಲುತ್ತದೆ: ಅರ್ಥ ಹೇಳು ಎಂದು ನನ್ನನ್ನು ಯಾರು ಕೇಳಿದ್ದರು? ಕಂಡದ್ದನ್ನು ಹೇಳುವುದಷ್ಟೇ ನನ್ನ ಪಾಲಿನ ಕೆಲಸವಾಗಿತ್ತು. ಅರ್ಥ ಮಾಡುವುದು ಬೇರೆಯವರ ಪಾಲು. ನಾನು ಅವರ ಪಾಲನ್ನೂ ನಾನೇ ಎತ್ತಿಕೊಂಡು, ನನ್ನ ಪಾಲನ್ನು ಬಿಟ್ಟೆ.

ಐದು ವರ್ಷದ ಮೇಲೆ ಕೋರ್ಟಿನ ಕರೆ ಬಂತು. ಎರಡು ಸಲ ಹೋದಾಗಲೂ ವಾಯಿದೆ. ಮೂರನೆಯ ಸಲ ಕಟಕಟೆ ಹತ್ತಿದೆ. ಅಷ್ಟರಲ್ಲಿ ಹುಡುಗಿಯ ತವರಿನವರೇ ರಾಜಿಯಾಗಿದ್ದಾರೆಂದು ಸುದ್ದಿ ಇತ್ತು. ಸರ್ಕಾರಿ ವಕೀಲರು ಮಹಜರು ತೋರಿಸಿ, “ಸಹಿ ನಿಮ್ಮದೇನಾ?” ಎಂದರು. “ಹೌದು.” “ನಿಮ್ಮ ಸಮಕ್ಷಮ ಬರೆದದ್ದಾ?” “ಹೌದು.” ಎದುರು ಪಕ್ಷದ ವಕೀಲರು ಪಾಟೀಸವಾಲು ಇಲ್ಲ ಎಂದರು. ಎರಡು ನಿಮಿಷ ಕೂಡ ಆಗಿರಲಿಕ್ಕಿಲ್ಲ. ಯಾರೂ ಸ್ಟೌ ವಿಷಯ ಕೇಳಲಿಲ್ಲ. ಹೊರಗೆ ಬಂದಾಗ ನನಗಾದ ಹಗುರವನ್ನು ಹೇಳಲಾರೆ. ಬಸ್ ಸ್ಟ್ಯಾಂಡಿನಲ್ಲಿ ಮಂಡಕ್ಕಿ ಒಗ್ಗರಣೆ, ಎರಡು ಮಿರ್ಚಿ ಕಟ್ಟಿಸಿಕೊಂಡು ಕಿಟಕಿ ಪಕ್ಕ ಕೂತು ತಿಂದೆ. ಬಹಳ ರುಚಿಯಾಗಿತ್ತು. ಎಲ್ಲರನ್ನೂ ಸಂಶಯದ ಲಾಭ ಕೊಟ್ಟು ಬಿಟ್ಟರೆಂದು ಆಮೇಲೆ ಕೇಳಿದೆ. ಆ ದಿನದ ಸಹಿಗಿಂತ, ಕಟಕಟೆಗಿಂತ, ನನ್ನನ್ನು ಈಗ ಕಾಡುವುದು ಆ ಮಿರ್ಚಿಯ ರುಚಿ.

ಅಕ್ಕನ ಮಗಳು ಹೇಳಿದ ಒಂದು ವಿವರ ನನ್ನನ್ನು ಯೋಚನೆಗೆ ಹಚ್ಚಿತು. ಅಲ್ಲಿ ಜ್ಯೂರಿಗೆ ಆರಿಸುವ ಮೊದಲು ಪ್ರಶ್ನೆ ಕೇಳುತ್ತಾರಂತೆ: ಆಪಾದಿತ ನಿನಗೆ ಗೊತ್ತೇ, ಸತ್ತವರು ಗೊತ್ತೇ, ವಕೀಲರು ಗೊತ್ತೇ? ಗೊತ್ತೆಂದರೆ ಸಾಮಾನ್ಯವಾಗಿ ಮನೆಗೆ ಕಳಿಸುತ್ತಾರೆ. ಹನ್ನೆರಡು ಅಪರಿಚಿತರು ಬೇಕು, ತೀರ್ಪು ಹೇಳಿ ತಂತಮ್ಮ ಮನೆಗೆ ಹೋಗಿ ಮತ್ತೆ ಅಪರಿಚಿತರಾಗಬೇಕು. ಪಂಚರ ವಿಷಯಕ್ಕೆ ನಮ್ಮ ಕಾನೂನು ಇದಕ್ಕೆ ಪೂರ್ತಿ ಉಲ್ಟಾ. ಆ ನೆರೆಹೊರೆಯ ಮಾನ್ಯ ನಿವಾಸಿಗಳು ಇಬ್ಬರಾದರೂ ಇರಬೇಕೆನ್ನುತ್ತದೆ. ಶೋಧನೆಗೆ ಸಾಕ್ಷಿಯಾಗಿ ಬಾ ಎಂದು ಬರೆದು ಕರೆದಾಗ ತಕ್ಕ ಕಾರಣವಿಲ್ಲದೆ ಬರಲಿಲ್ಲವೆಂದರೆ ಅದೂ ಅಪರಾಧವೇ. ನೆರೆಯವಳಾದ್ದರಿಂದಲೇ ನನ್ನ ಕಣ್ಣಿಗೆ ಆ ಬಟ್ಟೆ ಬಿತ್ತು. ಆ ಮನೆಯಲ್ಲಿ ಯಾವ ಹೊತ್ತಿಗೆ ಸ್ಟೌ ಹತ್ತುತ್ತದೆಂದು ನನಗೆ ಗೊತ್ತಿತ್ತು. ನೆರೆಯವಳಾದ್ದರಿಂದಲೇ ಬಾಯಿ ಕಟ್ಟಿತು. ನಾಳೆ ಬೆಳಿಗ್ಗೆ ನಲ್ಲಿಯ ಹತ್ತಿರ ಅದೇ ಅತ್ತೆಯ ಹಿಂದೆ ಕೊಡ ಹಿಡಿದು ನಿಲ್ಲಬೇಕಾದವಳು ನಾನು. ಯಾವುದು ಮೇಲು ಎಂದು ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ಹನ್ನೆರಡು ಮಂದಿಯಲ್ಲಿ ಒಬ್ಬಳಾಗಿದ್ದರೆ ಬಹುಶಃ ಮಾತಾಡುತ್ತಿದ್ದೆ. ಆದರೆ ಹನ್ನೆರಡು ಅಪರಿಚಿತರನ್ನು ಆ ಅಡಿಗೆಮನೆಗೆ ಕರೆತಂದಿದ್ದರೆ ಅವರಿಗೆ ಕಾಣುತ್ತಿದ್ದುದು ಕಟ್ಟೆಯ ಮೇಲೆ ಬಟ್ಟೆ ಮುಚ್ಚಿದ ಏನೋ ಒಂದು.

2024ರ ಜುಲೈ 1ರಿಂದ ಹೊಸ ಸಂಹಿತೆ ಬಂದಿದೆ. ಶೋಧನೆ, ಜಪ್ತಿಗಳನ್ನು ಮೊಬೈಲಿನಲ್ಲಿ ಚಿತ್ರೀಕರಿಸಬೇಕೆಂದು ಅದರಲ್ಲಿದೆ. ಒಳ್ಳೆಯದೇ, ಠಾಣೆಯಲ್ಲಿ ಕೂತು ಬರೆದ ಹಾಳೆಗೆ ಕಣ್ಣು ಮುಚ್ಚಿ ಸಹಿ ಹಾಕುವ ಪಂಚರು ಕಡಿಮೆಯಾಗಬಹುದು. ಮೊಬೈಲಿಗೆ ಬಟ್ಟೆಯೂ ಕಾಣುತ್ತದೆ. ಸ್ಟೌ ಮೇಲೆ ಬಟ್ಟೆ ಹೊದಿಸುವುದು ಯಾವ ಹೊತ್ತಿನ ಕೆಲಸ ಎಂಬುದನ್ನು ಆಗಲೂ ಯಾರಾದರೂ ಬಾಯಿಬಿಟ್ಟು ಹೇಳಬೇಕಲ್ಲ.

ಒನಕೆ ಓಬವ್ವ ನಮ್ಮ ಗುಡೇಕೋಟೆಯ ಮಗಳು ಎಂದು ಇಲ್ಲಿಯವರು ಅಭಿಮಾನದಿಂದ ಹೇಳುತ್ತಾರೆ. ಪ್ರತಿ ವರ್ಷ ನವೆಂಬರಿನಲ್ಲಿ ನಮ್ಮ ಹುಡುಗಿಯರಿಗೆ ಆಕೆಯ ಪಾತ್ರ ಮಾಡಿಸುವವಳು ನಾನೇ, ಒನಕೆ ನಮ್ಮ ಮನೆಯದೇ. ಕಳೆದ ಸಲ ಸೀರೆ ಕಟ್ಟಿ ಕೊಡುತ್ತಿದ್ದಾಗ ಒಬ್ಬಳು, “ಮಿಸ್, ಆಕೆಗೆ ಹೆದರಿಕೆ ಆಗಲಿಲ್ವಾ?” ಎಂದಳು. ಆಗಿರುತ್ತದೆ ಎಂದೆ. ಇನ್ನೇನೋ ಸೇರಿಸಿ ಹೇಳಬೇಕೆನಿಸಿತು, ಅಷ್ಟರಲ್ಲಿ ಮೈಕಿನವನು ಕೂಗಿದ.

ಬುಧವಾರ ನಾನೇ ಫೋನು ಮಾಡಿದೆ. ಕಾರಣ ಏನೂ ಬರೆಯಬೇಡ, ಹೋಗು ಎಂದೆ. ಅವಳಿಗೆ ಆಶ್ಚರ್ಯ. “ನೀನಾಗಿದ್ರೆ ಹೋಗ್ತಿದ್ದಾ ಚಿಕ್ಕಮ್ಮ?” ಎಂದಳು. ನಾನು ಹೋಗಿದ್ದೆ ಎಂದೆ. ಆಮೇಲೆ ಸ್ಟೌ ವಿಷಯ ಹೇಳಿದೆ. ಗಂಡನಿಗೂ ಹೇಳದಿದ್ದದ್ದನ್ನು, ಇಪ್ಪತ್ತೇಳು ವರ್ಷದ ಮೇಲೆ, ಅಷ್ಟು ದೂರದ ಹುಡುಗಿಗೆ ಹೇಳಿದೆ. ಆ ಕಡೆ ಬಹಳ ಹೊತ್ತು ಸದ್ದಿಲ್ಲ. ಲೈನು ಕಟ್ಟಾಯಿತೋ ಎಂದು “ಹಲೋ, ಹಲೋ” ಎಂದೆ.

“ಇದ್ದೀನಿ” ಎಂದಳು. ಆಮೇಲೆ, “ಬಟ್ಟೆ ಯಾವ ಬಣ್ಣದ್ದು ಚಿಕ್ಕಮ್ಮ?” ಎಂದು ಕೇಳಿದಳು.

ಹಳೆಯ ಸೀರೆಯ ತುಂಡು, ಬಿಳಿ ನೆಲದ ಮೇಲೆ ನೀಲಿ ಹೂವು, ಅಂಚು ಮಡಿಚಿ ಕೈಯಲ್ಲೇ ಹೊಲಿದಿತ್ತು ಎಂದು ಹೇಳಿದೆ.